ಏಣಿ ಎಲ್ಲಿದೆ?

ಹಿರಿಯೂರು ತಾಲ್ಲೂಕಿನ ಐಮಂಗಲದ ಕಡೆ ಹೆಣ್ಣುಮಗಳೊಬ್ಬಳು ಪಂಚಾಯಿತಿ ಅಧ್ಯಕ್ಷೆಯಾದರೆ ಹಾರ ಹಾಕುವವರ ಬಾಯಲ್ಲಿ ಒಂದೇ ಮಾತು: ಇದು ಮೊದಲ ಮೆಟ್ಟಿಲು ಕಣಮ್ಮ, ನಾಳೆ ವಿಧಾನಸೌಧ, ನಾಡಿದ್ದು ದಿಲ್ಲಿ. ಈ ಏಣಿಯ ಮಾತು ನನಗೆ ಸುಳ್ಳು ಅನ್ನಿಸುತ್ತದೆ. ಕೊಂಚ ಅವಮಾನದ್ದೂ ಹೌದು.

ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಗೇ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು, ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆ. 2010ಕ್ಕೆ ಅದು ಶೇ. 50 ಆಯಿತು. ಇಷ್ಟು ವರ್ಷದ ಬಿತ್ತನೆಗೆ ಬಂದ ಬೆಳೆ? 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಹತ್ತು, 2024ರಲ್ಲಿ ಲೋಕಸಭೆಯ 28ರಲ್ಲಿ ಮೂರು. ನಡುವಿನ ಮೆಟ್ಟಿಲಾದರೂ ಗಟ್ಟಿಯೇ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಕೂತದ್ದು ಆಡಳಿತಾಧಿಕಾರಿಗಳು.

ನಮ್ಮ ಹಿರಿಯೂರನ್ನೇ ನೋಡಿ. 2018ರಲ್ಲಿ ಇಲ್ಲಿಂದ ವಿಧಾನಸಭೆಗೆ ಗೆದ್ದ ಕೆ. ಪೂರ್ಣಿಮಾ ಬಂದದ್ದು ಬೆಂಗಳೂರು ಪಾಲಿಕೆಯಿಂದ, ಮಾಜಿ ಸಚಿವ ಎ. ಕೃಷ್ಣಪ್ಪನವರ ಮನೆಯಿಂದ. ಅದು ಅವರ ತಪ್ಪಲ್ಲ. ಆದರೆ ಆ ದಾರಿ ಐಮಂಗಲದ ಪಂಚಾಯಿತಿ ಕಟ್ಟೆ ಹಾದು ಹೋಗುವುದಿಲ್ಲ.

ಜಪಾನಿನ ರಾಜಕಾರಣಿ ಯುರಿಕೊ ಕೊಯಿಕೆ ಈ ಏಣಿಯಲ್ಲಿ ನಡೆದದ್ದು ಉಲ್ಟಾ, ಮೇಲಿನಿಂದ ಕೆಳಕ್ಕೆ. 1992ರಲ್ಲಿ ನೇರ ಸಂಸತ್ತು, 2007ರಲ್ಲಿ ಆ ದೇಶದ ಮೊದಲ ಮಹಿಳಾ ರಕ್ಷಣಾ ಸಚಿವೆ, 2016ರಲ್ಲಿ ಟೋಕಿಯೊ ನಗರದ ಗವರ್ನರ್. ಟೋಕಿಯೊ ಎಂದರೆ ನಮ್ಮ ಒಂದು ರಾಜ್ಯದಷ್ಟು ಜನ, ಹೋಲಿಕೆ ಎಳೆದಾಡಿದ್ದು ಅನ್ನಬಹುದು, ಒಪ್ಪುತ್ತೇನೆ. ನನಗೆ ಬೇಕಾದದ್ದು ಆಕೆ ಹಿಡಿದ ದಿಕ್ಕು. ಅಧಿಕಾರ ಮತ್ತು ದುಡ್ಡು ಎರಡೂ ಇದ್ದ ಕಡೆ ರಾಷ್ಟ್ರ ನಾಯಕಿಯೂ ಊರಿಗೆ ಬರುತ್ತಾಳೆ. ನಮ್ಮ ಪಂಚಾಯಿತಿಯಲ್ಲಿ ಅವೆರಡೂ ಇಲ್ಲ, ಅದಕ್ಕೇ ಅದನ್ನು ಮೆಟ್ಟಿಲು ಎಂದು ಕರೆದು ಸಮಾಧಾನ ಮಾಡುತ್ತೇವೆ.

ಆದರೂ ಬೋರಿನ ಮೋಟರು ಸುಟ್ಟರೆ, ಫಿಲ್ಟರ್ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು ರಸ್ತೆಗೆ ಬಂದರೆ, ಫೋನ್ ಹೋಗುವುದು ಅಧ್ಯಕ್ಷೆಯ ಮನೆಗೆ, ಸಂಸದರಿಗಲ್ಲ. ಫೋನ್ ಎತ್ತುವುದು ಗಂಡ ಎಂದು ನಗುವವರಿದ್ದಾರೆ. ಎಷ್ಟೋ ಕಡೆ ನಿಜವೇ. ಆದರೆ ನೀರುಗಂಟಿಯ ಸಂಬಳ ಎಲ್ಲಿ ನಿಂತಿದೆ, ಕ್ರಿಯಾಯೋಜನೆಯಲ್ಲಿ ಯಾವ ಓಣಿ ಬಿಟ್ಟುಹೋಗಿದೆ ಎಂದು ಆಕೆಯೇ ಪಿಡಿಒ ಎದುರು ಕೂತು ಕೇಳುವ ಹೊತ್ತಿಗೆ ಮೂವತ್ತು ತಿಂಗಳು ಮುಗಿದು ಮೀಸಲಾತಿ ತಿರುಗಿರುತ್ತದೆ. ಮುಂದಿನ ಸಲ ಆ ಕುರ್ಚಿ ‘ಸಾಮಾನ್ಯ’. ಆಗ ಊರವರು ಮತ್ತೆ ಅದೇ ಮನೆಗೆ ಬರುತ್ತಾರೆ, ಗಂಡ ನಿಲ್ಲುತ್ತಾನಾ ಎಂದು ಕೇಳಲು.