ಶಿಖರದ ಕಥೆಯಲ್ಲಿ ಹಳ್ಳಿಯವರ ಪಾಲು

ಪರ್ವತಾರೋಹಣದ ಗ್ರಂಥಗಳಲ್ಲಿ ಎಡ್ವರ್ಡ್ ವಿಂಪರನ ‘ಸ್ಕ್ರ್ಯಾಂಬಲ್ಸ್ ಅಮಂಗ್ಸ್ಟ್ ದಿ ಆಲ್ಪ್ಸ್’ಗೆ ಹಿರಿಯ ಸ್ಥಾನ ಸಂದಿದೆ. 1871ರಲ್ಲಿ ಅಚ್ಚಾದ ಈ ಪುಸ್ತಕವನ್ನು ಬರಿಯ ಸಾಹಸಗಾಥೆಯೆಂದು ಓದುವವರೇ ಹೆಚ್ಚು. ಆ ಸಾಹಸಕ್ಕೆ ಹೆಗಲು ಕೊಟ್ಟ ಹಳ್ಳಿಯವರಿಗೆ ಅದು ನ್ಯಾಯ ಸಲ್ಲಿಸಿದೆಯೇ ಎಂದು ಕೇಳುವುದೂ ವಿಮರ್ಶೆಯ ಕೆಲಸವೆಂದು ನಾನು ಭಾವಿಸುತ್ತೇನೆ.

ಸ್ವಿಟ್ಜರ್ಲೆಂಡಿನ ಜರ್ಮಾಟ್, ಸುಮಾರು 1,600 ಮೀಟರ್ ಎತ್ತರದಲ್ಲಿ ದನಕರು ಮೇಯಿಸಿಕೊಂಡಿದ್ದ ಬಡವರ ಹಳ್ಳಿ. 1850ರ ದಶಕದಲ್ಲಿ ಅಲೆಕ್ಸಾಂಡರ್ ಸೈಲರ್ ಎಂಬಾತ ಅಲ್ಲಿ ಮೋಂಟೆ ರೋಸಾ ಹೋಟೆಲನ್ನು ನಡೆಸತೊಡಗಿದ, ಇಂಗ್ಲಿಷರು ಬರತೊಡಗಿದರು. ವಿಂಪರ್ ಮರದ ಅಚ್ಚು ಕೆತ್ತುವ ಕಸುಬಿನವನು. 1860ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರು ಚಿತ್ರ ಬರೆಯಲೆಂದು ಆಲ್ಪ್ಸಿಗೆ ಕಳುಹಿಸಿದ ಈ ತರುಣ ಮ್ಯಾಟರ್‌ಹಾರ್ನ್ ಶಿಖರಕ್ಕೆ ಮನಸೋತ. ಹಲವು ಸಲ ಸೋತು, 1865ರ ಜುಲೈ 14ರಂದು, ಆರು ಮಂದಿ ಸಂಗಡಿಗರೊಡನೆ 4,478 ಮೀಟರಿನ ಆ ತುದಿಯನ್ನು ಮುಟ್ಟಿದ. ಇಳಿಯುವಾಗ ಹ್ಯಾಡೋ ಕಾಲು ಜಾರಿದ. ಕ್ರೋ, ಹಡ್ಸನ್, ಲಾರ್ಡ್ ಫ್ರಾನ್ಸಿಸ್ ಡಗ್ಲಾಸ್ ಅವನೊಡನೆ ಉರುಳಿದರು. ಹಗ್ಗ ತುಂಡಾಯಿತು. ಉಳಿದವರು ವಿಂಪರ್ ಮತ್ತು ಜರ್ಮಾಟಿನ ಟೌಗ್‌ವಾಲ್ಡರ್ ತಂದೆ, ಮಗ.

ಬರಹಗಾರನಾಗಿ ವಿಂಪರ್ ಮಿತಭಾಷಿ. ಹಿಂದಿರುಗಿದಾಗ ಬಾಗಿಲಲ್ಲಿ ನಿಂತ ಸೈಲರನಿಗೆ ಆತ ಬದುಕಿಬಂದವರು ಯಾರೆಂಬುದನ್ನಷ್ಟೇ ಹೇಳುತ್ತಾನೆ, ಸೈಲರ್ ಕಣ್ಣೀರಿಡುತ್ತಾನೆ. ಇದಕ್ಕಿಂತ ಹೆಚ್ಚು ಹೇಳಿದ್ದರೆ ಕಡಮೆಯಾಗುತ್ತಿತ್ತು. ಡೇರೆ ಹೊರುತ್ತಿದ್ದ ಬ್ರೆಯಿಲ್ ಊರಿನ ಗೂನಬೆನ್ನಿನ ಲೂಕ್ ಮೇನೆ, ಬೆಟ್ಟಗಳ ಸಾಲನ್ನು ಕಂಡು ಮಂಡಿಯೂರಿ ಕೈಜೋಡಿಸಿದ ಪ್ರಸಂಗವೂ ಮನಸ್ಸನ್ನು ಮುಟ್ಟುತ್ತದೆ. ಹಳ್ಳಿಯವರನ್ನು ಕಾಣುವ ಕಣ್ಣು ಈತನಿಗೆ ಇರಲಿಲ್ಲವೆಂದು ಹೇಳುವಂತಿಲ್ಲ.

ಆದ್ದರಿಂದಲೇ ಹಿರಿಯ ಟೌಗ್‌ವಾಲ್ಡರನ ಚಿತ್ರ ನನ್ನನ್ನು ಕಾಡುತ್ತದೆ. ತುಂಡಾದದ್ದು ಅವನಿಗೂ ಡಗ್ಲಾಸನಿಗೂ ನಡುವೆ ಇದ್ದ ಹಗ್ಗ. ತಂದಿದ್ದವುಗಳಲ್ಲಿ ಅದೇ ಅತ್ಯಂತ ದುರ್ಬಲ. ಅವನು ಅದನ್ನು ಕತ್ತರಿಸಲಿಲ್ಲವೆಂದು ವಿಂಪರ್ ಒಪ್ಪುತ್ತಾನೆ, ಸರಿ. ಆದರೆ ಆ ಹಗ್ಗವನ್ನೇ ಏಕೆ ಬಳಸಿದನೆಂಬ ಸಂಶಯವನ್ನು ಪುಟದಲ್ಲಿ ಹಾಗೆಯೇ ತೂಗಬಿಡುತ್ತಾನೆ. ಹಗ್ಗಗಳನ್ನು ಒದಗಿಸಿದವನು ವಿಂಪರನೇ. ಉಳಿದವರು ಹಗ್ಗ ಕಟ್ಟಿಕೊಳ್ಳುವಾಗ ತಾನು ಶಿಖರದ ಚಿತ್ರ ಬರೆಯುತ್ತಿದ್ದೆನೆಂದು ಹೇಳಿದವನೂ ಅವನೇ. ಹೊಣೆಯ ತಕ್ಕಡಿ ಮಾತ್ರ ಕೂಲಿಗೆ ಬಂದ ರೈತನ ಕಡೆಗೆ ವಾಲಿದೆ. ವಿಚಾರಣೆಯಲ್ಲಿ ಟೌಗ್‌ವಾಲ್ಡರ್ ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೆ ಅವನ ಹೇಳಿಕೆ ಬಹುಕಾಲ ಅಚ್ಚಾಗಲಿಲ್ಲ, ವಿಂಪರನ ಪುಸ್ತಕ ಮನೆಮನೆ ತಲುಪಿತು. ಊರಿನಲ್ಲಿಯೂ ಪಿಸುಮಾತು ನಿಲ್ಲದೆ ಆತ ಕೆಲಕಾಲ ಅಮೆರಿಕಕ್ಕೆ ಹೋಗಿದ್ದು, 1888ರಲ್ಲಿ ಮ್ಯಾಟರ್‌ಹಾರ್ನಿನ ಬುಡದಲ್ಲೇ ತೀರಿಕೊಂಡ. ಬಲ್ಲವರ ಬರಹಕ್ಕೆ ಎದುರಾಡಲು ಬರೆಯಬಾರದವನಿಗೆ ದಾರಿಯೆಲ್ಲಿ?

ದುರಂತ ಹಳ್ಳಿಯನ್ನು ಹಾಳುಮಾಡಲಿಲ್ಲ, ಪ್ರಸಿದ್ಧಗೊಳಿಸಿತು. ಪುಸ್ತಕ ಬಂದ 1871ರಲ್ಲೇ ಲೂಸಿ ವಾಕರ್ ಆ ಶಿಖರವನ್ನೇರಿದ ಮೊದಲ ಮಹಿಳೆಯಾದಳು. 1891ರಲ್ಲಿ ಜರ್ಮಾಟಿಗೆ ರೈಲು ಬಂತು. 1898ರಲ್ಲಿ ಇನ್ನೊಂದು ರೈಲು ಗೋರ್ನರ್‌ಗ್ರಾಟ್ ದಿಬ್ಬವನ್ನೇ ಹತ್ತಿತು. ದನ ಕಾಯುತ್ತಿದ್ದವರ ಮಕ್ಕಳು ಮಾರ್ಗದರ್ಶಿಗಳಾದರು, ಹೋಟೆಲುಗಳಲ್ಲಿ ದುಡಿದರು. ತುಂಡಾದ ಹಗ್ಗ ಇಂದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಪ್ರವಾಸಿಗರ ನೋಟಕ್ಕೆ ಸಿಗುತ್ತದೆ.

ವಿಂಪರನ ಕೃತಿ ದೊಡ್ಡದೆಂಬುದರಲ್ಲಿ ನನಗೆ ಅನುಮಾನವಿಲ್ಲ, ಅದನ್ನು ಓದಲೇಬೇಕು. ಆದರೆ ಸ್ವಂತ ದುಃಖವನ್ನು ಅಷ್ಟು ಸಂಯಮದಿಂದ ಬರೆಯಬಲ್ಲವನು ಬೇರೊಬ್ಬನ ಮಾನದ ವಿಷಯದಲ್ಲಿಯೂ ಅದೇ ಸಂಯಮ ತೋರಬೇಕಿತ್ತು. ಒಂದು ಹಗ್ಗ ತುಂಡಾಗಲು ಕ್ಷಣ ಸಾಕು. ಒಂದು ಪುಟ ಅಂಟಿಸಿದ ಕಳಂಕ ಒಬ್ಬನ ಆಯುಷ್ಯ ಮುಗಿದರೂ ಕರಗುವುದಿಲ್ಲ.