ಒಲಿಂಥಸ್ ಪರವಾದ ಮಾತು: ಡೆಮಾಸ್ತನೀಸನ ಮೂರು ಭಾಷಣಗಳ ಒಂದು ಓದು

ಕನ್ನಡದ ಸಾಮಾನ್ಯ ಓದುಗನಿಗೆ ಡೆಮಾಸ್ತನೀಸ್ ಪರಿಚಿತನಾಗಿರುವುದು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು, ಕಡಲಿನ ಭೋರ್ಗರೆತದ ಎದುರು ನಿಂತು ತನ್ನ ಉಚ್ಚಾರವನ್ನು ತಿದ್ದಿಕೊಂಡ ಛಲಗಾರನಾಗಿ. ಪ್ಲುಟಾರ್ಕನಿಂದ ಹೊರಟು ಶಾಲೆಯ ಪಾಠಗಳವರೆಗೆ ಬಂದ ಈ ಕಥೆ ಅವನು ಹೇಗೆ ಮಾತು ಕಲಿತನೆಂಬುದನ್ನು ತಿಳಿಸುತ್ತದೆ, ಏನು ಮಾತಾಡಿದನೆಂಬುದನ್ನಲ್ಲ. ಗ್ರೀಕ್ ಸಾಹಿತ್ಯ ನಮ್ಮಲ್ಲಿಗೆ ಮುಖ್ಯವಾಗಿ ರುದ್ರನಾಟಕದ ದಾರಿಯಿಂದ ಬಂದುದು ಇದಕ್ಕೆ ಒಂದು ಕಾರಣವಿರಬಹುದು. ಬಿ.ಎಂ.ಶ್ರೀ. ಅವರು ಈಸ್ಕಿಲಸನಿಂದ ಕನ್ನಡಕ್ಕೆ ತಂದ 'ಪಾರಸಿಕರು' ಮಹಾಸಾಮ್ರಾಜ್ಯವೊಂದು ಚಿಕ್ಕ ನಾಡಿನ ಮೇಲೆ ಏರಿಹೋಗಿ ಭಗ್ನವಾದುದನ್ನು ಸೋತವರ ಅರಮನೆಯೊಳಗಿಂದಲೇ ಕಾಣಿಸುತ್ತದೆ. ಆದರೆ ಬಲಿಷ್ಠನಾದ ನೆರೆಯವನು ನಮ್ಮ ಮೇಲಲ್ಲ, ಮತ್ತೊಬ್ಬನ ಮೇಲೆ ಎರಗಿದಾಗ ನಮ್ಮ ಕರ್ತವ್ಯವೇನು ಎಂಬ ಪ್ರಶ್ನೆ ಆ ನಾಟಕದ್ದಲ್ಲ. ಅದನ್ನು ನೇರವಾಗಿ ಎತ್ತಿಕೊಂಡಿರುವುದು ಗ್ರೀಕರ ಭಾಷಣ ಸಾಹಿತ್ಯ, ಅದರಲ್ಲೂ ಕ್ರಿ.ಪೂ. 349ರಲ್ಲಿ ಅಥೆನ್ಸಿನ ಜನಸಭೆಯ ಮುಂದೆ ಡೆಮಾಸ್ತನೀಸ್ ಒಲಿಂಥಸ್ ನಗರದ ಪರವಾಗಿ ಮಾಡಿದ ಮೂರು ಭಾಷಣಗಳು. ಸಣ್ಣ ನಾಡಿನ ರಕ್ಷಣೆಗೆ ಮೀಸಲಾದ ಮಾತುಗಳೆಂದು ಖ್ಯಾತವಾದ ಈ ಭಾಷಣಗಳಲ್ಲಿ ಆ ಸಣ್ಣ ನಾಡಿಗೆ ದೊರೆತ ಸ್ಥಾನವೆಷ್ಟು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಸಂದರ್ಭವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಏಜಿಯನ್ ಸಮುದ್ರದ ಉತ್ತರ ತೀರದಲ್ಲಿ ಮೂರು ಬೆರಳುಗಳಂತೆ ನೀರಿಗೆ ಚಾಚಿರುವ ಭೂಭಾಗವೇ ಕ್ಯಾಲ್ಸಿಡಿಸಿ. ಅಲ್ಲಿಯ ಗ್ರೀಕ್ ಊರುಗಳ ಒಕ್ಕೂಟಕ್ಕೆ ಒಲಿಂಥಸ್ ಮುಖ್ಯಸ್ಥಳ. ಪಕ್ಕದ ಮ್ಯಾಸಿಡೋನಿಯದಲ್ಲಿ ಎರಡನೆಯ ಫಿಲಿಪ್ ಪ್ರಬಲನಾಗುತ್ತಿದ್ದಂತೆ ಒಲಿಂಥಸ್ ಮೊದಲು ಅವನೊಡನೆ ಮೈತ್ರಿ ಮಾಡಿಕೊಂಡಿತು. ಕ್ರಿ.ಪೂ. 356ರಲ್ಲಿ ಅವನು ಪೊಟಿಡಿಯವನ್ನು ಗೆದ್ದು ಒಲಿಂಥಸಿಗೇ ಕಾಣಿಕೆಯಾಗಿ ಕೊಟ್ಟನು. ಆಗ ಆ ಊರನ್ನು ಕಳೆದುಕೊಂಡದ್ದು ಅಥೆನ್ಸ್. ಹೀಗೆ, ಏಳು ವರ್ಷಗಳ ಅನಂತರ ಫಿಲಿಪನ ಸೈನ್ಯ ತಮ್ಮ ಮೇಲೆಯೇ ತಿರುಗಿದಾಗ ಒಲಿಂಥಸಿನ ದೂತರು ನೆರವು ಕೇಳಲು ಬಂದುದು ತಮ್ಮಿಂದ ಒಮ್ಮೆ ನೊಂದವರ ಬಾಗಿಲಿಗೆ. ವೈರಿಯ ಕಾಣಿಕೆಯನ್ನು ಸ್ವೀಕರಿಸಿದ್ದವರಿಗಾಗಿ ನಾವೇಕೆ ಸಾಯಬೇಕೆಂಬ ಮಾತು ಅಂದಿನ ಸಭಿಕರ ಮನಸ್ಸಿನಲ್ಲಿ ಇದ್ದಿರದೆ ಹೋಗದು.

ಇದಕ್ಕಿಂತಲೂ ಇರುಸುಮುರುಸಿನ ಸಂಗತಿ ಇನ್ನೂ ಹಿಂದಿನದು. ಕ್ರಿ.ಪೂ. 382ರಲ್ಲಿ ಅಕಾಂಥಸ್ ಮತ್ತು ಅಪಲೋನಿಯ ಎಂಬ ಎರಡು ಊರುಗಳು ಸ್ಪಾರ್ಟಕ್ಕೆ ದೂತರನ್ನು ಕಳುಹಿಸಿ ರಕ್ಷಣೆ ಬೇಡಿದ್ದವು. ಯಾರಿಂದ ರಕ್ಷಣೆ? ಇದೇ ಒಲಿಂಥಸಿನಿಂದ! ನೆರೆಹೊರೆಯ ಊರುಗಳನ್ನು ಒಂದೊಂದಾಗಿ ತನ್ನ ಒಕ್ಕೂಟದೊಳಗೆ ಎಳೆದುಕೊಳ್ಳುತ್ತಿದ್ದ ಒಲಿಂಥಸ್ ಅಂದು ದೊಡ್ಡ ನೆರೆಯವನ ಪಾತ್ರದಲ್ಲಿತ್ತು. ಕ್ಸೆನಫನ್ ತನ್ನ ಗ್ರೀಕ್ ಇತಿಹಾಸದ ಐದನೆಯ ಭಾಗದಲ್ಲಿ ಅಕಾಂಥಸಿನ ದೂತ ಕ್ಲೈಜೆನೀಸನ ಭಾಷಣವನ್ನು ಕೊಟ್ಟಿದ್ದಾನೆ. ತಮ್ಮ ಕಟ್ಟಳೆಗಳನ್ನು ಉಳಿಸಿಕೊಂಡು ತಮ್ಮ ಊರಿನ ನಾಗರಿಕರಾಗಿಯೇ ಬದುಕುವುದು ತಮ್ಮ ಇಚ್ಛೆಯೆಂಬುದು ಅವನ ವಾದದ ತಿರುಳು. ಸ್ಪಾರ್ಟ ಒಪ್ಪಿತು, ಸೈನ್ಯ ಹೊರಟಿತು. ಆದರೆ ರಕ್ಷಣೆಗೆಂದು ಹೊರಟ ಆ ದಂಡಿನ ಒಂದು ಭಾಗ ದಾರಿಯಲ್ಲೇ ಥೀಬ್ಸ್ ನಗರದ ಕೋಟೆಯನ್ನು ವಶಪಡಿಸಿಕೊಂಡಿತು. ಕ್ರಿ.ಪೂ. 379ರಲ್ಲಿ ಒಲಿಂಥಸ್ ಶರಣಾಯಿತು, ಒಕ್ಕೂಟ ಒಡೆಯಿತು. ಮ್ಯಾಸಿಡೋನಿಯದ ಬೆಳವಣಿಗೆಗೆ ಅಡ್ಡವಾಗಬಹುದಾಗಿದ್ದ ಗೋಡೆಯೊಂದು ಹೀಗೆ ಸಣ್ಣವರನ್ನು ಕಾಪಾಡುವ ಹೆಸರಿನಲ್ಲೇ ದುರ್ಬಲವಾಯಿತು. ಸಣ್ಣದು, ದೊಡ್ಡದು ಎಂಬ ಮಾತುಗಳು ಎಷ್ಟು ಸಾಪೇಕ್ಷವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಒಲಿಂಥಸ್ ನಿರ್ದೋಷಿಯಾಗಿತ್ತೆಂದು ಭಾವಿಸಿ ಈ ಭಾಷಣಗಳನ್ನು ಓದತೊಡಗಿದವನು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾನೆ. ಆದರೆ ಕಷ್ಟದಲ್ಲಿರುವವನು ನಿರ್ದೋಷಿಯಾಗಿದ್ದರೆ ಮಾತ್ರ ನೆರವಿಗೆ ಅರ್ಹನೆಂಬ ನಿಲುವೂ ನಿಲ್ಲುವಂಥದಲ್ಲ. ಆ ನಿಯಮದ ಪ್ರಕಾರ ಗ್ರೀಸಿನ ಯಾವ ನಗರವೂ ನೆರವಿಗೆ ಅರ್ಹವಾಗುತ್ತಿರಲಿಲ್ಲ, ಮೀಲಾಸನ್ನು ನಾಶಮಾಡಿದ ಅಥೆನ್ಸ್ ಅಂತೂ ಖಂಡಿತ ಅಲ್ಲ.

ಕ್ಸೆನಫನನ ಪುಟಗಳಲ್ಲಿ ಸಣ್ಣ ಊರಿನ ದೂತನೇ ಬಾಯಿಬಿಟ್ಟು ಮಾತಾಡುತ್ತಾನೆ. ಡೆಮಾಸ್ತನೀಸನ ಮೂರು ಭಾಷಣಗಳಲ್ಲಿ ಒಲಿಂಥಸಿನ ದೂತರ ಮಾತು ಕೇಳಿಸುವುದೇ ಇಲ್ಲ. ಒಲಿಂಥಸಿನ ಜನರ ಹಕ್ಕು, ಅವರ ಬದುಕಿನ ರೀತಿ, ಮುತ್ತಿಗೆಗೆ ಸಿಕ್ಕವರ ಸಂಕಟ ಇವು ಯಾವುವೂ ವಾದದ ಆಧಾರಗಳಾಗಿ ಬೆಳೆಯುವುದಿಲ್ಲ. ಮೊದಲನೆಯ ಭಾಷಣದಲ್ಲಿ ಒಲಿಂಥಸ್ ಒಂದು ಸದವಕಾಶ: ಫಿಲಿಪನನ್ನು ಅವನ ನೆಲದಲ್ಲೇ ತಡೆಯಲು ದೈವವೇ ಒದಗಿಸಿದ ಸಂದರ್ಭ. ಅಲ್ಲಿ ಹೋರಾಡದಿದ್ದರೆ ನಾಳೆ ನಮ್ಮ ಹೊಲಗಳಲ್ಲೇ ಹೋರಾಡಬೇಕಾದೀತೆಂಬ ಎಚ್ಚರಿಕೆ ಅದರ ಜೊತೆಗೆ ಬರುತ್ತದೆ. ಎರಡನೆಯದರಲ್ಲಿ ಫಿಲಿಪನ ಬಲ ವಂಚನೆಯ ಮೇಲೆ ನಿಂತುದಾದ್ದರಿಂದ ಅದು ಹೊರಗೆ ಕಾಣುವಷ್ಟು ಗಟ್ಟಿಯಲ್ಲವೆಂಬ ವಾದವಿದೆ. ಮೂರನೆಯದರಲ್ಲಿ ಮಾತು ಪೂರ್ತಿಯಾಗಿ ಅಥೆನ್ಸಿನ ಒಳಗಡೆಗೇ ತಿರುಗುತ್ತದೆ. ಈ ಅನುಕ್ರಮವನ್ನು ಹಾಲಿಕಾರ್ನಾಸಸಿನ ಡಯೊನೀಷಿಯಸ್ ಒಪ್ಪಿರಲಿಲ್ಲ. ಆ ಚರ್ಚೆ ನಮಗೆ ಇಲ್ಲಿ ಅಷ್ಟು ಮುಖ್ಯವಲ್ಲ. ಯಾವ ಕ್ರಮದಲ್ಲಿ ಓದಿದರೂ ಒಲಿಂಥಸ್ ಕೇಳುಗರ ಪಾಲಿಗೆ ಒಂದು ತಡೆಗೋಡೆಯೇ ಹೊರತು ಜನ ಬಾಳುವ ಊರಲ್ಲ.

ಇದನ್ನು ಭಾಷಣಕಾರನ ಹೃದಯಹೀನತೆಯೆಂದು ಕರೆಯುವುದು ಅವಸರದ ತೀರ್ಮಾನವಾದೀತು. ಕೌಟಿಲ್ಯನೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ 'ಅರ್ಥಶಾಸ್ತ್ರ'ದ ಹನ್ನೆರಡನೆಯ ಅಧಿಕರಣ ದುರ್ಬಲನಾದ ಅರಸನನ್ನೇ ಕುರಿತದ್ದು. ಬಲಿಷ್ಠನು ಮೇಲೆ ಬಿದ್ದಾಗ ಬೆತ್ತದ ಹಾಗೆ ಬಾಗಬೇಕೆಂಬುದು ಭಾರದ್ವಾಜನ ಮತ. ಇರುವ ಬಲವನ್ನೆಲ್ಲ ಕೂಡಿಸಿ ಹೋರಾಡಬೇಕೆಂಬುದು ವಿಶಾಲಾಕ್ಷನ ಮತ. ಕೌಟಿಲ್ಯ ಎರಡನ್ನೂ ನಿರಾಕರಿಸಿ, ತನಗಿಂತ ಶ್ರೇಷ್ಠನಾದ ಅರಸನನ್ನೋ ಭೇದಿಸಲಾಗದ ದುರ್ಗವನ್ನೋ ಆಶ್ರಯಿಸಬೇಕೆನ್ನುತ್ತಾನೆ. ಒಲಿಂಥಸ್ ಮಾಡಿದ್ದೂ ಇದನ್ನೇ. ಆದರೆ ಕೌಟಿಲ್ಯನದು ಮಂತ್ರಾಲೋಚನೆ. ಗುಟ್ಟು ಅದರ ಜೀವ. ಆಶ್ರಯ ಕೇಳುವವನ ಕಡೆಯಿಂದ ಅದು ಯೋಚಿಸಬಲ್ಲದು, ಏಕೆಂದರೆ ಅದು ಒಪ್ಪಿಸಬೇಕಾದುದು ಒಬ್ಬ ಅರಸನನ್ನು. ಡೆಮಾಸ್ತನೀಸನ ಎದುರಿಗಿದ್ದವರು ಬಯಲಿನಲ್ಲಿ ಕುಳಿತ ಸಾವಿರಾರು ನಾಗರಿಕರು. ಕೈಯೆತ್ತಿ ತೀರ್ಮಾನಿಸುವವರೂ ಅವರೇ, ತೆರಿಗೆ ಕೊಡುವವರೂ ಅವರೇ, ಹಡಗು ಹತ್ತಬೇಕಾದವರೂ ಅವರೇ. ಇಂಥ ಸಭೆಯಲ್ಲಿ ಪರರ ಸಂಕಟ ಕೇಳುಗರ ಸ್ವಹಿತದ ಭಾಷೆಗೆ ಅನುವಾದವಾಗದೆ ಮುಂದೆ ಹೋಗಲಾರದು. ಅನುವಾದದಲ್ಲಿ ಏನು ಸೋರಿಹೋಗುತ್ತದೆಯೋ ಅದನ್ನು ಗುರುತಿಸುವುದು ವಿಮರ್ಶೆಯ ಕೆಲಸ.

ಸೋರಿಹೋದುದರ ಜೊತೆಗೆ ದಕ್ಕಿದುದನ್ನೂ ಹೇಳಬೇಕು. ನನ್ನ ದೃಷ್ಟಿಯಲ್ಲಿ ಈ ಭಾಷಣಗಳ ನಿಜವಾದ ಸತ್ತ್ವವಿರುವುದು ಫಿಲಿಪನ ಮೇಲಿನ ಬೈಗುಳಗಳಲ್ಲಿ ಅಲ್ಲ, ಬೆಲೆಯನ್ನು ಹೆಸರಿಸುವ ಧೈರ್ಯದಲ್ಲಿ. ಅಥೆನ್ಸಿನಲ್ಲಿ ಉತ್ಸವನಿಧಿಯೊಂದಿತ್ತು. ಬಡ ನಾಗರಿಕನೂ ಹಬ್ಬದ ನಾಟಕಗಳನ್ನು ನೋಡಲು ಅದರಿಂದ ಹಣ ಹಂಚಲಾಗುತ್ತಿತ್ತು. ಆ ಹಣವನ್ನು ಯುದ್ಧಕ್ಕೆ ತಿರುಗಿಸುವ ಸೂಚನೆ ಮಂಡಿಸುವುದೇ ಅಪಾಯಕರ. ಅಪಲೊಡೋರಸ್ ಎಂಬವನು ಮಿಗುತಾಯ ಹಣ ಸೈನ್ಯಕ್ಕೋ ಉತ್ಸವಕ್ಕೋ ಎಂಬುದನ್ನು ಜನರೇ ನಿರ್ಧರಿಸಲೆಂದು ಸೂಚಿಸಿದ್ದಕ್ಕೆ ಅವನ ಮೇಲೆ ಮೊಕದ್ದಮೆ ಹೂಡಲಾಯಿತು; ಎದುರಾಳಿ ಕೇಳಿದ 15 ಟ್ಯಾಲೆಂಟುಗಳ ದಂಡ ಒಂದಕ್ಕೆ ಇಳಿದುದೇ ಅವನ ಪುಣ್ಯ. ಆದುದರಿಂದಲೇ ಡೆಮಾಸ್ತನೀಸ್ ಮೂರನೆಯ ಭಾಷಣದಲ್ಲಿ ಸೂಚನೆ ಮಂಡಿಸುವ ಬದಲು, ಅಡ್ಡಬರುವ ಕಾನೂನುಗಳನ್ನು ಮೊದಲು ರದ್ದುಮಾಡಿರೆಂದು, ಅವನ್ನು ಮಾಡಿದವರಿಂದಲೇ ರದ್ದುಮಾಡಿಸಿರೆಂದು ಕೇಳುತ್ತಾನೆ. ನೆರೆಯವನಿಗೆ ನೆರವು ಎಂಬ ಉದಾತ್ತ ಮಾತು ಇಲ್ಲಿ ನಾಟಕದ ಟಿಕೆಟ್ಟಿನ ಹಣಕ್ಕೆ ಬಂದು ನಿಲ್ಲುತ್ತದೆ. ಸಭಿಕರಿಗೆ ರುಚಿಸದ ಮಾತು ಇದೇ. ಭಾಷಣ ಪ್ರಾಮಾಣಿಕವಾಗುವುದೂ ಇಲ್ಲಿಯೇ.

ಅದೇ ಭಾಷಣದಲ್ಲಿ ಅವನು ನೆನಪಿಸುವ ಹಳೆಯ ಪ್ರಸಂಗವೊಂದು ಗಮನಾರ್ಹ. ಫಿಲಿಪನು ಥ್ರೇಸಿನ ಹೆರೇಯಮ್ ಕೋಟೆಗೆ ಮುತ್ತಿಗೆ ಹಾಕಿದ ಸುದ್ದಿ ಬಂದಾಗ ಸಭೆ ಉತ್ಸಾಹದಿಂದ 40 ಯುದ್ಧನೌಕೆಗಳನ್ನೂ, 45 ವರ್ಷದವರೆಗಿನ ನಾಗರಿಕರನ್ನೂ, 60 ಟ್ಯಾಲೆಂಟುಗಳ ತೆರಿಗೆಯನ್ನೂ ಮಂಜೂರು ಮಾಡಿತ್ತು. ಅಷ್ಟರಲ್ಲಿ ಫಿಲಿಪ್ ಕಾಯಿಲೆ ಬಿದ್ದನೆಂದೂ ಸತ್ತನೆಂದೂ ವದಂತಿ ಹಬ್ಬಿತು. ಕೊನೆಗೆ, ಸುಮಾರು ವರ್ಷ ಕಳೆದ ಮೇಲೆ, ಹೊರಟದ್ದು ಜನರಿಲ್ಲದ 10 ಹಡಗುಗಳು ಮತ್ತು 5 ಟ್ಯಾಲೆಂಟು ಬೆಳ್ಳಿ. ಠರಾವಿಗೂ ದಂಡಿಗೂ ನಡುವಿನ ಈ ಅಂತರವನ್ನು ಅಂಕಿಗಳಲ್ಲಿ ಹೇಳಿ ಮುಗಿಸುವ ಅವನ ಸಂಯಮ ಮೆಚ್ಚುವಂಥದು. ನಮ್ಮ ವೇದಿಕೆಗಳಲ್ಲಿ ವಾಗ್ಮಿತೆಯೆಂದರೆ ಶಬ್ದಗಳ ಭೋರ್ಗರೆತವೆಂಬ ನಂಬಿಕೆ ಇನ್ನೂ ಉಳಿದಿದೆ. ಬೆಣಚುಕಲ್ಲಿನ ಕಥೆಯೂ ಅದಕ್ಕೆ ಇಂಬು ಕೊಟ್ಟಿರಬೇಕು.

ಆಮೇಲೆ ನಡೆದುದನ್ನು ಫಿಲೋಕೊರಸನ ಇತಿಹಾಸದಿಂದ ಡಯೊನೀಷಿಯಸ್ ಎತ್ತಿ ಉಳಿಸಿದ್ದಾನೆ. ಅಥೆನ್ಸ್ ಮೂರು ಸಲ ನೆರವು ಕಳುಹಿಸಿತು. ಮೊದಲು ಕಾರೀಸನೊಡನೆ ಸಣ್ಣ ಗುರಾಣಿಯ 2,000 ಯೋಧರು. ಆಮೇಲೆ ಕಾರಿಡೀಮಸನೊಡನೆ ಅಂಥವರೇ 4,000 ಮಂದಿ, 150 ಕುದುರೆ ಸವಾರರು, 18 ನೌಕೆಗಳು. ಇವರು ಬಹುಮಟ್ಟಿಗೆ ಕೂಲಿ ಸೈನಿಕರು. ಆಗ ಒಲಿಂಥಸಿನವರು ಮತ್ತೆ ದೂತರನ್ನು ಕಳುಹಿಸಿ, ತಮ್ಮನ್ನು ಕೈಬಿಡಬೇಡಿರೆಂದೂ, ಕೂಲಿಯವರನ್ನಲ್ಲ, ಅಥೆನ್ಸಿನವರನ್ನೇ ಕಳುಹಿಸಿರೆಂದೂ ಬೇಡಿಕೊಂಡರು. ಡೆಮಾಸ್ತನೀಸನ ಭಾಷಣಗಳಲ್ಲಿ ನಾವು ಹುಡುಕಿದ ಒಲಿಂಥಸಿನ ಸ್ವರ ಸಿಕ್ಕುವುದು ಇತಿಹಾಸಕಾರನ ಈ ಒಂದು ಒಣ ವಾಕ್ಯದಲ್ಲಿ. ಮೂರನೆಯ ಸಲ 2,000 ನಾಗರಿಕ ಯೋಧರು, 300 ಸವಾರರು, 17 ನೌಕೆಗಳು ಹೊರಟವು. ಕಾಲಕ್ಕೆ ಸರಿಯಾಗಿ ತಲುಪಲಿಲ್ಲ. ಕ್ರಿ.ಪೂ. 348ರಲ್ಲಿ ಒಳಗಿನವರ ದ್ರೋಹದಿಂದ ಒಲಿಂಥಸ್ ಬಿದ್ದಿತು. ಊರನ್ನು ನೆಲಸಮ ಮಾಡಲಾಯಿತು. ಉಳಿದವರು ಗುಲಾಮರಾಗಿ ಮಾರಾಟವಾದರು. ಉತ್ಸವದ ಹಣ ಯುದ್ಧಕ್ಕೆ ತಿರುಗಿದ್ದು ಕ್ರಿ.ಪೂ. 339-38ರಲ್ಲಿ, ಅಥೆನ್ಸಿನ ಸೋಲಿನ ಹೊಸ್ತಿಲಲ್ಲಿ.

ಒಲಿಂಥಸನ್ನು ಉಳಿಸುವುದು ಸಾಧ್ಯವಿತ್ತೇ? 1962ರಲ್ಲಿ ಜಾರ್ಜ್ ಕಾಕ್‌ವೆಲ್ ಈ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಿ, ಡೆಮಾಸ್ತನೀಸನ ಸಲಹೆಯ ವಿವೇಕವನ್ನೇ ಸಂದೇಹಿಸಿದರು. ಉತ್ತರದಿಂದ ಬೀಸುವ ಬೇಸಗೆಯ ಗಾಳಿಗೆ ಎದುರಾಗಿ ಹಡಗು ನಡೆಸುವುದರ ಕಷ್ಟ, ಅದೇ ಸಮಯಕ್ಕೆ ಮನೆಬಾಗಿಲಲ್ಲೇ ಎದ್ದ ಯೂಬಿಯದ ದಂಗೆ ಇವನ್ನು ಮರೆಯುವಂತಿಲ್ಲ. ಈ ಆಕ್ಷೇಪಕ್ಕೆ ತೂಕವಿದೆ. ಆದರೆ ನೆರವು ನಿಷ್ಫಲವೆಂಬ ಖಚಿತ ತೀರ್ಮಾನದಿಂದ ಅಥೆನ್ಸ್ ಸುಮ್ಮನಿದ್ದಿದ್ದರೆ ಅದು ಒಂದು ನೀತಿಯಾಗುತ್ತಿತ್ತು. ಅದು ಮಾಡಿದ್ದು ಮೂರನೆಯದನ್ನು: ಆಶೆ ಹುಟ್ಟಿಸುವಷ್ಟು ಕೊಟ್ಟಿತು, ಉಳಿಸುವಷ್ಟು ಕೊಡಲಿಲ್ಲ. ಕಾಕ್‌ವೆಲ್ಲರ ವಾದ ಈ ನಡವಳಿಕೆಯನ್ನು ಸಮರ್ಥಿಸಲಾರದೆಂಬುದು ನನ್ನ ಅಭಿಪ್ರಾಯ.

ಈ ಭಾಷಣಗಳ ನಂತರದ ಬಾಳು ಸ್ವಾರಸ್ಯಕರ. 1570ರಲ್ಲಿ ಥಾಮಸ್ ವಿಲ್ಸನ್ ಇವನ್ನು ಇಂಗ್ಲಿಷಿಗೆ ತಂದಾಗ ಓದುಗರಿಗೆ ಮ್ಯಾಸಿಡೋನಿಯದ ಫಿಲಿಪನಲ್ಲಿ ಸ್ಪೇನಿನ ಫಿಲಿಪ್ ಕಾಣಿಸಿದನು. ಜರ್ಮನಿಯ ಏಕೀಕರಣದ ಕನಸು ಕಂಡ ಡ್ರಾಯ್ಸನ್ ಫಿಲಿಪನ ಕಡೆಗೆ ವಾಲಿದರೆ, ಉದಾರವಾದಿ ಗ್ರೋಟ್ ಡೆಮಾಸ್ತನೀಸನ ಕಡೆಗೆ ನಿಂತನು. 1916ರಲ್ಲಿ ಜರ್ಮನಿಯ ಡ್ರೆರೂಪ್ ಅವನನ್ನು ಶತ್ರುದೇಶಗಳ ವಕೀಲ ರಾಜಕಾರಣಿಗಳ ಪೂರ್ವಜನನ್ನಾಗಿ ಮಾಡಿದನು. ಹತ್ತು ವರ್ಷಗಳ ಅನಂತರ ಫ್ರಾನ್ಸಿನ ಕ್ಲೆಮಾನ್ಸೊ ಅವನಲ್ಲಿ ತನ್ನನ್ನೇ ಕಂಡುಕೊಂಡನು. 1938ರ ಮ್ಯೂನಿಕ್ ಒಪ್ಪಂದದ ಮಾತುಕತೆಗೆ ಚೆಕೊಸ್ಲೊವಾಕಿಯವನ್ನು ಕೂರಿಸಿಕೊಳ್ಳಲೇ ಇಲ್ಲ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದಲ್ಲಿ ಏರಿಹೋದ ಬಳಿಕ ಪಾಶ್ಚಾತ್ಯ ದೇಶಗಳಲ್ಲಿ ನಡೆದ ನೆರವಿನ ಚರ್ಚೆಗಳಲ್ಲೂ, ಇಂದು ಅಲ್ಲಿ ತಡೆಯದಿದ್ದರೆ ನಾಳೆ ಇಲ್ಲಿ ಎಂಬ ಹಳೆಯ ವಾದ ಕೇಳಿಸಿತು. ಪ್ರತಿಯೊಂದು ಕಾಲವೂ ಈ ಪಠ್ಯದಲ್ಲಿ ತನ್ನ ಫಿಲಿಪನನ್ನೂ ತನ್ನ ಡೆಮಾಸ್ತನೀಸನನ್ನೂ ಹುಡುಕಿಕೊಂಡಿದೆ. ಒಲಿಂಥಸಿನ ಜನರನ್ನು ಹುಡುಕಿದವರು ವಾಗ್ಮಿಗಳಲ್ಲ, ಉತ್ಖನನಕಾರರು. 1928ರಿಂದ ಅಮೆರಿಕದ ಡೇವಿಡ್ ರಾಬಿನ್ಸನ್ ಅಲ್ಲಿ ಅಗೆಸಿದಾಗ ಸಾಲುಸಾಲಾಗಿ ಮನೆಗಳ ತಳಪಾಯಗಳು ಸಿಕ್ಕವು. ಅವುಗಳೊಡನೆ ಫಿಲಿಪನ ಹೆಸರನ್ನು ಅಚ್ಚೊತ್ತಿದ, ಕವಣೆಯಿಂದ ಬೀಸುವ ಸೀಸದ ಗುಂಡುಗಳೂ ಸಿಕ್ಕವು.

ಡೆಮಾಸ್ತನೀಸನ ಮಾತಿನಲ್ಲಿ ಒಲಿಂಥಸಿನ ಸೆರೆಯಾಳುಗಳು ವ್ಯಕ್ತಿಗಳಾಗಿ ಕಾಣಿಸಿಕೊಳ್ಳುವುದು ಊರು ಅಳಿದು ಐದು ವರ್ಷಗಳಾದ ಮೇಲೆ, ಕ್ರಿ.ಪೂ. 343ರಲ್ಲಿ ಈಸ್ಕಿನೀಸನ ವಿರುದ್ಧ ಮಾಡಿದ ಆರೋಪದ ಭಾಷಣದಲ್ಲಿ. ಔತಣಕೂಟವೊಂದರಲ್ಲಿ ಅವಮಾನಿತಳಾದ ಒಲಿಂಥಸಿನ ಹೆಣ್ಣೊಬ್ಬಳ ಪ್ರಸಂಗ ಅಲ್ಲಿದೆ. ಈಸ್ಕಿನೀಸ್ ಅದನ್ನು ಸುಳ್ಳೆಂದು ತಳ್ಳಿಹಾಕಿದನು. ಇನ್ನೊಂದು ಪ್ರಸಂಗ ಹಾಸ್ಯನಟ ಸಾಟಿರಸನದು. ಒಲಿಂಥಸನ್ನು ಗೆದ್ದ ಫಿಲಿಪ್ ಉತ್ಸವ ನಡೆಸಿ ಕಲಾವಿದರಿಗೆ ಬಹುಮಾನಗಳನ್ನು ಹಂಚುತ್ತಿದ್ದಾಗ ಈ ನಟ ಮಾತ್ರ ಏನನ್ನೂ ಕೇಳದೆ ಕುಳಿತಿದ್ದನಂತೆ. ಕಾರಣ ವಿಚಾರಿಸಿದಾಗ, ಊರು ಬಿದ್ದಾಗ ಸೆರೆಸಿಕ್ಕ ತನ್ನ ಗೆಳೆಯ ಅಪಲೊಫನೀಸನ ಇಬ್ಬರು ಹೆಣ್ಣುಮಕ್ಕಳನ್ನು ಕೊಡಬೇಕೆಂದೂ, ತಾನು ವರದಕ್ಷಿಣೆಯಿತ್ತು ಅವರ ಮದುವೆ ಮಾಡಿಸುವೆನೆಂದೂ ಬೇಡಿದನು. ಅವರ ತಂದೆ ಫಿಲಿಪನ ಅಣ್ಣನ ಕೊಲೆಯಲ್ಲಿ ಪಾಲುಗೊಂಡವನು. ಆದರೂ ನೆರೆದವರ ಮೆಚ್ಚುಗೆಯ ಗದ್ದಲದ ನಡುವೆ ಅರಸ ಒಪ್ಪಬೇಕಾಯಿತು. ಈಸ್ಕಿನೀಸ್ ಒಂದು ಕಾಲಕ್ಕೆ ತಾನೂ ನಟನಾಗಿದ್ದವನಾದ್ದರಿಂದ ಈ ಹೋಲಿಕೆ ಅವನಿಗೆ ನಾಟಬೇಕೆಂಬುದು ಭಾಷಣಕಾರನ ಉದ್ದೇಶ. ಆ ಇಬ್ಬರು ಹುಡುಗಿಯರ ಹೆಸರುಗಳನ್ನು ಅವನು ಹೇಳುವುದಿಲ್ಲ.