ಬಣ್ಣ ಹೋಯಿತೆಂದು ಎದ್ದು ಹೋಗಬೇಡಿ

ಸೈಕ್ಲೋಹೆಕ್ಸೀನಿಗೆ ಬ್ರೋಮಿನ್ ನೀರು ಹನಿಸಿ ಟ್ಯೂಬ್ ಅಲುಗಾಡಿಸಿದರೆ ಕಿತ್ತಳೆ ಬಣ್ಣ ಮಾಯ. ‘ಅನ್‌ಸ್ಯಾಚುರೇಶನ್ ಇದೆ’ ಎಂದು ರೆಕಾರ್ಡಿನಲ್ಲಿ ಬರೆದು ಹುಡುಗರು ಟ್ಯೂಬ್ ತೊಳೆಯಲು ಹೊರಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಒಡ್ಡೋಲಗ ಮುಗಿದ ಕೂಡಲೇ ಚಾಪೆ ಸುತ್ತಿಕೊಂಡು ಮನೆಗೆ ಹೋದವರು ಬಯಲಾಟ ನೋಡಿದೆವು ಎಂದರೆ ಒಪ್ಪುತ್ತೀರಾ?

ಆಲ್ಕೀನಿನ ಸಂಕಲನ ಕ್ರಿಯೆಯಲ್ಲಿ ಏನು ಹುಟ್ಟಿತು ಎನ್ನುವುದಕ್ಕಿಂತ ಯಾರು ಯಾವ ಕಡೆಯಿಂದ ಬಂದರು ಎಂದು ನೋಡಬೇಕು. ದ್ವಿಬಂಧದ ಸುತ್ತ ಅಣು ಚಪ್ಪಟೆ. ಪೈ ಎಲೆಕ್ಟ್ರಾನುಗಳು ಅದರ ಮೇಲೂ ಕೆಳಗೂ ಹರಡಿವೆ. ಹತ್ತಿರ ಬಂದ ಬ್ರೋಮಿನ್ ಅಣುವಿನ ಒಂದು ಪರಮಾಣು ಎರಡೂ ಕಾರ್ಬನ್‌ಗಳನ್ನು ಒಟ್ಟಿಗೇ ಹಿಡಿದು ಮೂರು ಮೂಲೆಯ ಉಂಗುರ ಕಟ್ಟುತ್ತದೆ, ಜೊತೆಗಿದ್ದದ್ದು ಬ್ರೋಮೈಡ್ ಆಗಿ ಕಳಚಿಕೊಳ್ಳುತ್ತದೆ. ಇದೇ ಬ್ರೋಮೋನಿಯಂ ಅಯಾನು. 1937ರಲ್ಲಿ ರಾಬರ್ಟ್ಸ್ ಮತ್ತು ಕಿಂಬಾಲ್ ಇದನ್ನು ಮುಂದಿಟ್ಟರು. ಆ ಮಗ್ಗುಲಲ್ಲಿ ದಾರಿ ಕಟ್ಟಿದ್ದರಿಂದ ಎರಡನೆಯದು ಬೆನ್ನ ಕಡೆಯಿಂದಲೇ ಬರಬೇಕು. ಬ್ರೋಮಿನ್ ನೀರಿನಲ್ಲಿ ಹಾಗೆ ಬರುವುದು ಹೆಚ್ಚಾಗಿ ನೀರೇ, ಸುತ್ತಲೂ ಅದರದೇ ಜಾತ್ರೆ. ಆದ್ದರಿಂದ ಟ್ಯೂಬಿನಲ್ಲಿ ಮುಖ್ಯವಾಗಿ ಹುಟ್ಟಿದ್ದು ಬ್ರೋಮೋಹೈಡ್ರಿನ್. ರೆಕಾರ್ಡಿನ ಸಮೀಕರಣದಲ್ಲಿ ಬರೆದದ್ದು ಡೈಬ್ರೋಮೈಡ್!

ನನ್ನ ಕಣ್ಣು ತೆರೆಸಿದ್ದು ನೆನೆಸಿದ ಕಡಲೆ. ಬಿ.ಎಸ್ಸಿ.ಯಲ್ಲಿ ನಮ್ಮ ಮೇಷ್ಟ್ರೊಬ್ಬರು ಕಡಲೆಗೆ ಬೆಂಕಿಕಡ್ಡಿ ಚುಚ್ಚಿ 2-ಬ್ಯೂಟೀನಿನ ಸಿಸ್, ಟ್ರಾನ್ಸ್ ರೂಪಗಳೆರಡನ್ನೂ ಕಟ್ಟಿದರು. ಬ್ರೋಮಿನ್ ಎಂದರೆ ಹಸಿರು ಬಟಾಣಿ. ಒಂದು ಬಟಾಣಿ ಮೇಲಿಂದ, ಒಂದು ಕೆಳಗಿಂದ. ಟ್ರಾನ್ಸ್‌ನಲ್ಲಿ ಯಾವ ಮಗ್ಗುಲಿಂದ ಶುರುಮಾಡಿದರೂ ಸಿಕ್ಕಿದ್ದು ಒಂದೇ ವಸ್ತು, ಮೀಸೋ. ಸಿಸ್‌ನಲ್ಲಿ ಎರಡು ಸಿಕ್ಕವು, ಎಡಗೈ ಬಲಗೈಯಂತೆ. ಅವೆರಡನ್ನೂ ಹಾಸ್ಟೆಲಿಗೆ ಹೊತ್ತುಕೊಂಡು ಹೋಗಿ ಒಂದರಂತೆ ಇನ್ನೊಂದನ್ನು ಕೂರಿಸಲು ರಾತ್ರಿಯಿಡೀ ತಿರುಗಿಸಿದೆ. ಕೂರಲಿಲ್ಲ. ಬೆಳಗಿನ ಹೊತ್ತಿಗೆ ಕಡಲೆ ಒಣಗಿ ಕಡ್ಡಿಗಳನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು.

ಸಂಕಲನ ಕ್ರಿಯೆಯ ಪಾಠದಲ್ಲಿ ಇದಕ್ಕಿಂತ ಜನಪ್ರಿಯವಾದದ್ದು, ಹೈಡ್ರೋಜನ್ ಬ್ರೋಮೈಡಿನಂಥವು ಸೇರುವಾಗಿನ ಮಾರ್ಕೊವ್ನಿಕೋವ್ ನಿಯಮ. ‘ಹೈಡ್ರೋಜನ್ ಇದ್ದಲ್ಲಿಗೇ ಇನ್ನೊಂದು ಹೈಡ್ರೋಜನ್’ ಎಂದು ಕೋಚಿಂಗ್ ಕ್ಲಾಸುಗಳು ಬಾಯಿಪಾಠ ಮಾಡಿಸುತ್ತವೆ, ಅಂಕವೂ ಬರುತ್ತದೆ. ಇದು ರಸಿಕತೆಯಲ್ಲ, ಗಿಳಿಪಾಠ. ಮೊದಲು ಬಂದ ಪ್ರೋಟಾನ್, ಧನಾವೇಶ ಹೆಚ್ಚು ಸ್ಥಿರವಾಗಿ ನಿಲ್ಲಬಲ್ಲ ಕಾರ್ಬನ್ನನ್ನು ಬಿಟ್ಟು ಪಕ್ಕದ್ದಕ್ಕೆ ಸೇರುತ್ತದೆ. ನಿಯಮ ಹುಟ್ಟುವುದು ಅಲ್ಲಿಂದ. ಇದು ಗೊತ್ತಿಲ್ಲದವನಿಗೆ 1933ರಲ್ಲಿ ಷಿಕಾಗೋದಲ್ಲಿ ಖರಾಶ್ ಮತ್ತು ಮೇಯೊ ಕಂಡದ್ದು ರೋಮಾಂಚನ ತರುವುದಾದರೂ ಹೇಗೆ? ಗಾಳಿ ತಾಗಿದ ಆಲ್ಕೀನಿನಲ್ಲಿ ಚೂರು ಪೆರಾಕ್ಸೈಡ್ ಇದ್ದರೆ ಸಾಕು, ಹೈಡ್ರೋಜನ್ ಬ್ರೋಮೈಡಿನ ಸರದಿಯೇ ತಿರುಗುಮುರುಗು: ಮೊದಲು ಒಳಗೆ ಬರುವುದು ಬ್ರೋಮಿನ್ ಪರಮಾಣು, ಜಾಗವೂ ಅದಲುಬದಲು.

ನಿಕ್ಕಲ್ ಮೇಲೆ ಹೈಡ್ರೋಜನ್ ಸೇರಿಸುವಾಗ ಎರಡೂ ಸಾಮಾನ್ಯವಾಗಿ ಒಂದೇ ಮಗ್ಗುಲಿಂದ ಬರುತ್ತವೆ. ಬ್ರೌನ್ ಅವರ ಹೈಡ್ರೋಬೊರೇಶನ್ನಿನಲ್ಲೂ ಹಾಗೆಯೇ. ಅವು ಆಮೇಲೆ. ಇವತ್ತು ರಾತ್ರಿ ಒಂದು ಹಿಡಿ ಕಡಲೆ ನೆನೆಹಾಕಿ, ಬೆಳಿಗ್ಗೆ ಮೊದಲು ಟ್ರಾನ್ಸ್ ಕಟ್ಟಿ.